ತೊಟ್ಟಿಲಿಗೆ ಮೊದಲಿನ ಹೆಸರು

ಪರದೇಶದ ಗಿರಾವೀನ್ ಎಂಬ ಬಡಾವಣೆಯ ಆ ಬಾಡಿಗೆ ಮನೆಯ ಅಡುಗೆಮನೆಗೆ ಒಂದೇ ಕಿಟಕಿ. ಅದು ಪಕ್ಕದ ಮನೆಯ ಹಿತ್ತಲನ್ನು ನೋಡುತ್ತಿತ್ತು. ಇಟ್ಟಿಗೆಯ ಮನೆ, ಮೂರು ಕೋಣೆ: ಒಂದರಲ್ಲಿ ಅಪ್ಪ ಅಮ್ಮ, ಒಂದರಲ್ಲಿ ನಾನು, ಮೂರನೆಯದರಲ್ಲಿ ತುಮಕೂರಿನಿಂದ ತಂದು ಇನ್ನೂ ಬಿಚ್ಚದ ಪೆಟ್ಟಿಗೆಗಳು. ಕಾರ್ಪೆಟ್ಟಿನಲ್ಲಿ ಹಿಂದೆ ಇದ್ದವರ ನಾಯಿಯ ವಾಸನೆ ಉಳಿದಿತ್ತು. ಒಗ್ಗರಣೆ ಹಾಕುವ ಮೊದಲು ಅಮ್ಮ ಕುರ್ಚಿ ಹತ್ತಿ ಸ್ಮೋಕ್ ಅಲಾರಮ್ಮು ಹೊಗೆಗೆ ಕಿರುಚದಿರಲೆಂದು ಅದಕ್ಕೆ ಸ್ನಾನದ ಪ್ಲಾಸ್ಟಿಕ್ ಟೋಪಿ ತೊಡಿಸುತ್ತಿದ್ದಳು. ಒಗ್ಗರಣೆ ಚಟಪಟ ನಿಂತ ಮೇಲೆ ಮತ್ತೆ ಹತ್ತಿ ತೆಗೆಯುತ್ತಿದ್ದಳು. ಅವಳು ಬಸುರಿಯಾದ ಮೇಲೆ ಆ ಕೆಲಸ ನನಗೆ ಬಂತು. ಆಗ ನನಗೆ ಹನ್ನೊಂದು ವರ್ಷ. ತುಮಕೂರಿನಲ್ಲಿ ಕನ್ನಡ ಶಾಲೆಯಲ್ಲಿ ಐದನೆಯ ತರಗತಿ ಮುಗಿಸಿ ಬಂದವಳು ಇಲ್ಲಿ ಶಾಲೆಯಲ್ಲಿ ಹೆಚ್ಚು ಮಾತಾಡುತ್ತಿರಲಿಲ್ಲ, ಮನೆಯಲ್ಲಿ ಅದನ್ನೆಲ್ಲ ಸೇರಿಸಿ ಮಾತಾಡುತ್ತಿದ್ದೆ ಎಂದು ಅಮ್ಮ ಹೇಳುತ್ತಾಳೆ. ನನಗೆ ಹಾಗೆ ನೆನಪಿಲ್ಲ.

ಆ ಮನೆಗೆ ಬಂದ ಮೊದಲ ವಾರ ಅಮ್ಮ ಕಿಟಕಿಯ ಬಳಿ ನಿಂತು ಕೂಗಿಕೊಂಡಳು.

"ರೀ, ಇಲ್ ಬನ್ರೀ! ಸಬ್ಬಸಿಗೆ ಸೊಪ್ಪು ಕಣ್ರೀ! ಒಂದ್ ಪಾತಿ ತುಂಬಾ!"

ಅಪ್ಪ ಪ್ಯಾರಮಟ್ಟದ ಒಂದು ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿದ್ದರು. ಟೈ ಕಟ್ಟಿಕೊಳ್ಳುತ್ತಲೇ ಬಂದು ನೋಡಿ, "ಬೇರೆಯವರ ಮನೆ ಸೊಪ್ಪು. ನೋಡಿ ಸುಮ್ನಿರು," ಎಂದರು. ಅಮ್ಮ ಸುಮ್ಮನಿರಲಿಲ್ಲ. ಸಂಜೆ ಬೇಲಿಯ ಬಳಿ ಹೋಗಿ ಕೇಳಿ, ಒಂದು ಕಟ್ಟು ತಂದು ಅಕ್ಕಿ ರೊಟ್ಟಿ ತಟ್ಟಿದಳು. ಎರಡು ರೊಟ್ಟಿಗಳನ್ನು ಬೇಲಿಯಾಚೆ ಕಳಿಸಿದಳು. ಆ ಮನೆಯ ಯಜಮಾನ ಎಪ್ಪತ್ತು ದಾಟಿದ, ಅಗಲ ಭುಜದ, ಬಿಸಿಲಿಗೆ ಕಿವಿ ಕೆಂಪಾದ ಉಕ್ರೇನಿನ ಮನುಷ್ಯ. ಯುದ್ಧ ಮುಗಿದ ಮೇಲೆ ಹಡಗಿನಲ್ಲಿ ಬಂದವರು, ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದವರು, ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದವರು. ನಮ್ಮ ರೊಟ್ಟಿಯ ಮೇಲೆ ಹುಳಿ ಕೆನೆ ಸುರಿದುಕೊಂಡು ತಿಂದರು. ಅವರ ಊರಿನಲ್ಲಿ ಸಬ್ಬಸಿಗೆ ಹಾಕದ ಅಡುಗೆಯೇ ಇಲ್ಲವಂತೆ. ಹೆಸರು ಬೊಹ್ದಾನ್. ವರ್ಕ್‌ಶಾಪಿನವರು ಅಷ್ಟು ವರ್ಷವೂ ಬಾಬ್ ಎಂದೇ ಕರೆದರಂತೆ. ನಾನು ಅಂಕಲ್ ಎಂದಾಗ ಅಮ್ಮ ಗದರಿದಳು: "ಅಂಕಲ್ ಏನೇ? ನಿನ್ ತಾತನ ವಯಸ್ಸು ಅವರಿಗೆ. ತಾತ ಅನ್ನು." ಅವರಿಗೆ ಅದು ಇಷ್ಟವಾಯಿತು. ಅವರ ಭಾಷೆಯಲ್ಲಿ ಅಪ್ಪನನ್ನು ಕರೆಯುವ ಮಾತು ಅದಕ್ಕೆ ಹತ್ತಿರದ್ದು ಎಂದು ಹೇಳಿ ನಕ್ಕರು.

ನನ್ನ ತಮ್ಮ ಎರಡೂವರೆ ತಿಂಗಳು ಮೊದಲೇ ಹುಟ್ಟಿದ. ಒಂದು ಕಿಲೋ ಸಕ್ಕರೆಯ ಪೊಟ್ಟಣಕ್ಕಿಂತ ಸ್ವಲ್ಪ ಹೆಚ್ಚಿನ ತೂಕ. ಆಸ್ಪತ್ರೆಯ ನರ್ಸರಿಯಲ್ಲಿ ಇನ್‌ಕ್ಯುಬೇಟರಿನ ಸಾಲು. ಎಡದಿಂದ ಮೂರನೆಯದು ಅವನದು. ಪಕ್ಕದಲ್ಲಿ ಎರಡು ದುಂಡನೆಯ ಬಾಗಿಲು. ಕೈ ತೊಳೆದು ಅದರೊಳಗೆ ತೂರಿಸಿ ಒಂದು ಬೆರಳಿನಿಂದ ಅವನನ್ನು ಮುಟ್ಟಬಹುದಿತ್ತು. ಕಾಲಿನ ಪಟ್ಟಿಯ ಮೇಲೆ 'ವೇದಾಳ ಮಗು' ಎಂದಷ್ಟೇ ಇತ್ತು. ವೇದಾ ನಮ್ಮಮ್ಮ. ಅವನಿಗೆ ಹೆಸರಿರಲಿಲ್ಲ, ಇರಬಾರದು ಎಂಬುದು ತುಮಕೂರಿನಿಂದ ಅಜ್ಜಿ ಫೋನಿನಲ್ಲಿ ಕೊಟ್ಟ ಆಜ್ಞೆ.

ಅಜ್ಜಿಯ ಆಜ್ಞೆಗೆ ಕಾರಣವಿತ್ತು, ಅದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಪ್ಪನಿಗಿಂತ ಮೊದಲು ಅಜ್ಜಿಗೆ ಒಬ್ಬ ಮಗ ಹುಟ್ಟಿದ್ದ. ಊರಿಂದ ಬಂದ ಹಿರಿಯರೊಬ್ಬರು ಮರುದಿನ ಹೊರಡುವವರಿದ್ದರು, ಅವರಿರುವಾಗಲೇ ಆಗಿಬಿಡಲಿ ಎಂದು ಮೂರನೆಯ ದಿನವೇ ಆಸ್ಪತ್ರೆಯಲ್ಲಿ ಹೆಸರು ಕೂಗಿದರು. ಏಳನೆಯ ದಿನ ಮಗು ಹೋಯಿತು. ಆ ಹೆಸರನ್ನು ಅಜ್ಜಿ ನಮಗ್ಯಾರಿಗೂ ಹೇಳಿಲ್ಲ. ಹೇಳುತ್ತಿದ್ದುದು ಇಷ್ಟೇ:

"ಹೆಸ್ರು ಕೂಗಿದ್ರೆ ಮಗ ಓಗೊಡಬೇಕು. ಮನೇಗೇ ಬರ್ದೇ ಇರೋನು ಹೆಂಗ್ ಓಗೊಟ್ಟಾನು? ಮನೇಗ್ ಬರ್ಲಿ, ತೊಟ್ಲಾಗ್ ಮಲಗ್ಲಿ, ಆಮ್ಯಾಕೆ."

ಮಗುವಿನ ಜೊತೆ ಮಾತಾಡಿ, ಹೆಸರು ಹಿಡಿದು ಕರೆಯಿರಿ, ತಾಯಿಯ ದನಿ ಗುರುತಾಗಲಿ ಎಂದು ನರ್ಸ್ ಅಮ್ಮನಿಗೆ ದಿನವೂ ಹೇಳುತ್ತಿದ್ದಳು. ಎರಡು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ, ಆಸ್ಪತ್ರೆಯಿಂದ ಬರುವಾಗ ಕಾರಿನಲ್ಲಿ ಜಗಳವಾಯಿತು. ನಾನು ಹಿಂದೆ ಕೂತಿದ್ದೆ.

"ನಾನವನನ್ನ ಏನಂತ ಕರೀಲಿ? 'ಏ', 'ಇಲ್ಲಿ ನೋಡು', 'ಅಮ್ಮ ಬಂದಿದೀನಿ'. ಮನೆ ನಾಯಿಗಾದ್ರೂ ಒಂದ್ ಹೆಸರಿರತ್ತೆ."

"ಪುಟ್ಟ ಅನ್ನು."

"ಯಾವ ಪುಟ್ಟ? ನಿಮ್ಮಮ್ಮ ನಿಮ್ಮನ್ನೇ ಇನ್ನೂ ಪುಟ್ಟ ಅಂತಾರೆ ಫೋನಲ್ಲಿ."

"ಅಮ್ಮ ಬೇಡ ಅಂದ್ರೆ ಬೇಡ ವೇದಾ. ಮನೆಗೆ ಬರ್ಲಿ. ಆಮೇಲೆ ಬೇಕಾದ್ರೆ ಹತ್ತು ಹೆಸರಿಡು."

"ಬರದೇ ಹೋದ್ರೆ?"

ಅಪ್ಪ ರಸ್ತೆಯನ್ನೇ ನೋಡುತ್ತಾ ಕಾರು ತಿರುಗಿಸಿದರು. ಇಂಡಿಕೇಟರ್ ಹಾಕಿದ್ದು ತಿರುವು ಮುಗಿದ ಮೇಲೂ ಟಿಕ್ ಟಿಕ್ ಎನ್ನುತ್ತಿತ್ತು.

ಅಮ್ಮ ದಿನವಿಡೀ ಆಸ್ಪತ್ರೆಯಲ್ಲಿರುತ್ತಿದ್ದಳು. ಶಾಲೆ ಬಿಟ್ಟ ಮೇಲೆ ನಾನು ಬೊಹ್ದಾನ್ ತಾತನ ಮನೆಯಲ್ಲಿರಬೇಕೆಂದು ಏರ್ಪಾಡಾಯಿತು. ಅವರ ಅಡುಗೆಮನೆಯ ಮೇಜಿಗೆ ಹೂವಿನ ಚಿತ್ರದ ಪ್ಲಾಸ್ಟಿಕ್ ಹೊದಿಕೆ. ಅದರ ಮೇಲೆ ಬ್ರೆಡ್ಡು, ಉಪ್ಪಿನ ಡಬ್ಬಿ, ಓದುವ ಕನ್ನಡಕ ಯಾವಾಗಲೂ ಅದದೇ ಜಾಗದಲ್ಲಿರುತ್ತಿದ್ದವು. ಬೀಟ್‌ರೂಟಿನ ಕೆಂಪು ಸಾರು ಕೊಡುತ್ತಿದ್ದರು. ಮೊದಲ ದಿನ ನಾನು ಅನ್ನ ಕೇಳಿದೆ; ಮರುದಿನದಿಂದ ನನಗಾಗಿ ಅನ್ನ ಮಾಡಿಟ್ಟಿರುತ್ತಿದ್ದರು, ಸ್ವಲ್ಪ ಮುದ್ದೆಯಾಗಿ. ಒಂದು ದಿನ ಸೊಪ್ಪನ್ನು ಕತ್ತರಿಯಿಂದ ಸಾರಿನ ಮೇಲೆ ಕತ್ತರಿಸುತ್ತಾ ತಮ್ಮನ ಹೆಸರೇನೆಂದು ಕೇಳಿದರು. ಇಲ್ಲ ಎಂದೆ. ಯಾಕಿಲ್ಲ ಎಂದು ಅಜ್ಜಿಯ ಮಾತನ್ನೂ ಹೇಳಿದೆ. ನಗುತ್ತಾರೆಂದುಕೊಂಡಿದ್ದೆ. ನಗಲಿಲ್ಲ.

"ನಮ್ಮಲ್ಲೂ ಹಾಗೇ," ಎಂದರು. "ಪಾದ್ರಿ ಬಂದು ತಲೆಗೆ ನೀರು ಹಾಕುವವರೆಗೆ ಹೆಸರು ಹೇಳುವಂತಿಲ್ಲ. ತಾಯಿಗೆ ಗೊತ್ತಿರುತ್ತದೆ, ಬಾಯಿ ಬಿಡುವುದಿಲ್ಲ. ಅಲ್ಲಿಯವರೆಗೆ ಗಂಡು ಮಗುವನ್ನು ಬೊಹ್ದಾನ್ ಎನ್ನುತ್ತಾರೆ. ಪ್ರತಿ ಮನೆಯಲ್ಲೂ."

"ಹಾಗಂದ್ರೆ ಏನು?"

"ಬೊಹ್ ಅಂದರೆ ದೇವರು. ದಾನ್ ಅಂದರೆ ಕೊಟ್ಟದ್ದು."

"ನಿಮ್ಮ ಹೆಸರೂ ಅದೇ ಅಲ್ವಾ ತಾತ?"

"ಹೌದು. ನನ್ನದೂ ಅದೇ." ಕತ್ತರಿ ಕೆಳಗಿಟ್ಟು ಬಟ್ಟಲನ್ನು ನನ್ನ ಕಡೆ ತಳ್ಳಿದರು. "ತಿನ್ನು, ಆರುತ್ತದೆ."

ಅವತ್ತಿಗೆ ನನಗೆ ಬೇಕಾದದ್ದು ಸಿಕ್ಕಿತ್ತು. ಹೆಸರಲ್ಲದ ಹೆಸರು, ಅಜ್ಜಿಗೂ ತಕರಾರಿಲ್ಲ, ಅಮ್ಮನಿಗೂ ಕರೆಯಲು ಒಂದು ಮಾತು. ಅಮ್ಮನಿಗೆ ಹೇಳುವುದರೊಳಗೆ ಶನಿವಾರ ಬಂತು. ಅಮ್ಮ ಹಾಲು ತೆಗೆಯುವ ಕೋಣೆಯಲ್ಲಿದ್ದಳು. ನರ್ಸ್ ಒಬ್ಬಳು ಬಣ್ಣದ ಪೆನ್ನುಗಳನ್ನು ಹರಡಿಕೊಂಡು ಒಂದೊಂದು ಮಗುವಿಗೂ ಹೆಸರಿನ ಕಾರ್ಡು ಬರೆಯುತ್ತಿದ್ದಳು. ತಮ್ಮನ ಇನ್‌ಕ್ಯುಬೇಟರ್ ಪೆಟ್ಟಿಗೆಯ ಮುಂದೆ ನಿಂತು, ಇವನನ್ನು ಮನೆಯಲ್ಲಿ ಏನೆಂದು ಕರೆಯುತ್ತೀರಿ ಎಂದು ನನ್ನನ್ನು ಕೇಳಿದಳು. ಬೊಹ್ದಾನ್ ಎಂದೆ. ಒಂದೊಂದೇ ಅಕ್ಷರ ಹೇಳಿ ಬರೆಸಿದೆ. ಅದು ಹೆಸರಲ್ಲ ಎಂದು ನನಗೆ ಪೂರ್ತಿ ನಂಬಿಕೆಯಿತ್ತು, ಅದಕ್ಕೇ ಹೇಳಿದೆ. ಅವಳು ನೀಲಿಯಲ್ಲಿ ಬರೆದು, ಪಕ್ಕದಲ್ಲಿ ಹಳದಿ ಬಾತುಕೋಳಿಯ ಸ್ಟಿಕ್ಕರ್ ಅಂಟಿಸಿ, ಪೆಟ್ಟಿಗೆಯ ನೆತ್ತಿಗೆ ಟೇಪು ಹಾಕಿದಳು. ಅಮ್ಮ ಬಂದು ಓದಿದಳು. ನಾನು ಅವಸರದಲ್ಲಿ ಎಲ್ಲ ವಿವರಿಸಿದೆ. ಅವಳು ಬೈಯಲಿಲ್ಲ. ಕೈ ತೊಳೆದು, ದುಂಡು ಬಾಗಿಲಿನೊಳಗೆ ತೂರಿಸಿ, ಅವನ ಎದೆಯ ಮೇಲೆ ಬೆರಳಿಟ್ಟು, "ಬೊಹ್ದಾನ್," ಎಂದಳು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ.

ಭಾನುವಾರ ಅಪ್ಪ ನೋಡಿದರು. ಕಾರಿಡಾರಿನಲ್ಲಿ, ಹ್ಯಾಂಡ್ ವಾಶ್ ಬೇಸಿನ್ನಿನ ಪಕ್ಕ ನಿಂತು ದನಿ ತಗ್ಗಿಸಿ ಜಗಳವಾಡಿದರು.

"ಯಾರ ಕೆಲಸ ಇದು? ಆ ಮುದುಕರ ಹೆಸರನ್ನ ನಮ್ ಮಗೂಗಿಟ್ಟಿದೀಯಾ?"

"ನಾನೇ ಬರೆಸ್ದೆ," ಎಂದಳು ಅಮ್ಮ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಅಮ್ಮ ಅಷ್ಟ್ ಹೇಳಿದ್ರು."

"ಅದು ಹೆಸರಲ್ಲಂತೆ."

"ಕಾರ್ಡ್ ಮೇಲೆ ಬರೆದಮೇಲೆ ಹೆಸರಲ್ದೆ ಇನ್ನೇನು?"

ಸೋಮವಾರ ಮಗುವಿಗೆ ಸೋಂಕು ತಗುಲಿತು. ಎರಡು ಸಲ ಉಸಿರು ನಿಂತಿತು. ಹಿಂದೆ ತೆಗೆದಿದ್ದ ಉಸಿರಾಟದ ನಳಿಗೆಯನ್ನು ಮತ್ತೆ ಹಾಕಿದರು. ಸಂಜೆ ನನ್ನನ್ನು ಕರೆದುಕೊಂಡು ಹೋದಾಗ ಪೆಟ್ಟಿಗೆಯ ಸುತ್ತ ನಾಲ್ಕು ಜನರಿದ್ದರು, ನೆತ್ತಿಯ ಮೇಲೆ ಕಾರ್ಡು ಇರಲಿಲ್ಲ. ಅದು ಅಪ್ಪನ ಅಂಗಿಯ ಜೇಬಿನಲ್ಲಿತ್ತು. ತೆಳು ಬಟ್ಟೆಯ ಹಿಂದೆ ಹಳದಿ ಬಾತುಕೋಳಿ ಕಾಣುತ್ತಿತ್ತು. ಅವರು ಯಾರಿಗೂ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಮನೆಗೆ ಬರದವನನ್ನು ಕೂಗಿದವಳು ನಾನು, ಅವನು ಓಗೊಡಲು ಹೋಗಿ ಉಸಿರು ಕಳೆದುಕೊಂಡ: ಹನ್ನೊಂದು ವರ್ಷದ ನನ್ನ ಲೆಕ್ಕ ಇಷ್ಟು ಸರಳವಾಗಿತ್ತು.

ಮರುದಿನ ಶಾಲೆಯಿಂದ ಬಂದು ತಾತನ ಅಡುಗೆಮನೆಯಲ್ಲಿ ಕೂತು ಊಟ ಮುಟ್ಟಲಿಲ್ಲ. ಕೇಳಿದ ಮೇಲೆ ಹೇಳಿದೆ. ಅವರು ಎದುರಿನ ಕುರ್ಚಿಯಲ್ಲಿ ಕೂತರು. ಆಗ ಹೇಳಿದ್ದನ್ನು ನನಗೆ ನೆನಪಿದ್ದಷ್ಟು ಬರೆಯುತ್ತೇನೆ. ಅವರು ಹುಟ್ಟಿದ ಕಾಲಕ್ಕೆ ಅವರ ಹಳ್ಳಿಯ ಚರ್ಚಿಗೆ ಸರ್ಕಾರ ಬೀಗ ಹಾಕಿತ್ತು, ಪಾದ್ರಿಯನ್ನು ಎಲ್ಲಿಗೋ ಒಯ್ದಿದ್ದರು. ನೀರು ಹಾಕುವವರಿಲ್ಲ. ಪಾದ್ರಿ ಬರಲಿ, ಆಮೇಲೆ ಹೆಸರು ಹೇಳುತ್ತೇನೆ ಎಂದು ತಾಯಿ ಬೊಹ್ದಾನ್ ಎಂದೇ ಕರೆಯುತ್ತಾ ಹೋದರು. ಪಾದ್ರಿ ಬರಲಿಲ್ಲ. ಯುದ್ಧ ಬಂತು. ಹುಡುಗ ಮೀಸೆ ಮೂಡುವ ಮೊದಲೇ ಜರ್ಮನಿಯ ಕಾರ್ಖಾನೆಯ ಕೂಲಿಗೆ ರೈಲು ಹತ್ತಬೇಕಾಯಿತು. ತಾಯಿಯನ್ನು ಮತ್ತೆ ನೋಡಲಿಲ್ಲ.

"ಆಮೇಲೆ ನಿರಾಶ್ರಿತರ ಶಿಬಿರದಲ್ಲಿ ಒಬ್ಬ ಪಾದ್ರಿ ನೀರು ಹಾಕಿದ," ಎಂದರು. "ನಲವತ್ತು ಜನ ಸಾಲಿನಲ್ಲಿ ನಿಂತಿದ್ದೆವು. ಹೆಸರೇನು ಎಂದು ನನ್ನನ್ನೇ ಕೇಳಿದ. ನನ್ನ ಹತ್ತಿರ ಇದ್ದದ್ದು ಅದೊಂದೇ. ಹೇಳಿದೆ. ಬರೆದುಕೊಂಡ."

"ನಿಮ್ಮಮ್ಮ ಯೋಚಿಸಿಟ್ಟಿದ್ದ ಹೆಸರು?"

"ಗೊತ್ತಿಲ್ಲ. ನನಗೆ ಹೆಸರನ್ನು ಯಾರೂ ಹೇಳಲಿಲ್ಲ. ನಾನೇ ಹೇಳಿಕೊಂಡೆ." ಬ್ರೆಡ್ಡಿನ ಪುಡಿಯನ್ನು ಬೆರಳಿನಿಂದ ಒಂದು ಕಡೆ ಗುಡ್ಡೆ ಮಾಡಿದರು. "ನೋಡು, ಇಷ್ಟು ವರ್ಷ ಇದೇ ಹೆಸರಿನಲ್ಲಿದ್ದೇನೆ. ಹಸಿವಿನಲ್ಲಿ ಸಾಯಲಿಲ್ಲ, ಬಾಂಬಿಗೆ ಸಾಯಲಿಲ್ಲ, ವರ್ಕ್‌ಶಾಪಿನ ಕ್ಯಾಂಟೀನಿನ ಮಾಂಸದ ಪೈ ತಿಂದೂ ಸಾಯಲಿಲ್ಲ. ಈ ಹೆಸರು ಮಕ್ಕಳನ್ನು ಕೊಲ್ಲುವುದಿಲ್ಲ. ಹೋಗಿ ನಿನ್ನ ಅಜ್ಜಿಗೆ ಹೇಳು."

ಅವರು ಮಾತಿಗೆ ಹೇಳಿದರೋ ಏನೋ. ನಾನು ನಿಜವಾಗಿಯೂ ಹೇಳಿದೆ. ತುಮಕೂರಿಗೆ ಫೋನ್ ಮಾಡಲು ಅಂಗಡಿಯಿಂದ ಕಾರ್ಡು ತಂದು, ಅದರ ಹಿಂಭಾಗ ಕೆರೆದು, ಉದ್ದದ ಸಂಖ್ಯೆ ಒತ್ತಬೇಕಿತ್ತು. ಬುಧವಾರ ಅಪ್ಪ ಬಟ್ಟೆ ಒಣಹಾಕುತ್ತಿದ್ದಾಗ ನಾನೇ ಒತ್ತಿದೆ.

"ಅಜ್ಜಿ, ಪಾಪಂಗೆ ಹೆಸರು ಹೇಳಿದ್ದು ನಾನು. ಅಮ್ಮ ಅಲ್ಲ."

"ಏನಂತ ಯೋಳ್ದೆ?"

"ಬೊಹ್ದಾನ್."

"ಅದೇನ್ ಹೆಸ್ರೇ ತಾಯಿ? ಜ್ವರದ್ ಮಾತ್ರೆ ಇದ್ದಂಗೈತೆ."

"ದೇವರು ಕೊಟ್ಟಿದ್ದು ಅಂತ ಅರ್ಥ. ನಿಜವಾದ ಹೆಸರಿಡೋ ತನಕ ಕರೆಯೋದಂತೆ ಅವರ ಊರಲ್ಲಿ. ಎಲ್ಲಾ ಗಂಡು ಪಾಪೂಗೂ ಅದೇ."

ಫೋನಿನಲ್ಲಿ ಗುಂಯ್ ಎನ್ನುವ ಸದ್ದು.

"ಎಲ್ಲಾಕೂ ಅದೇಯಾ?"

"ಹೂಂ."

"ಅಂಗಾದ್ರೆ ಯಾವ್ ಮಗೀನ ಕರೀತಾವ್ರೆ ಅಂತ ಯಾರ್ಗೂ ಗೊತ್ತಾಗಾಕಿಲ್ಲ."

"ಇಲ್ಲ."

"ಸಾನೆ ಬುದ್ಧಿವಂತ ಜನ ಕಣೇ. ನಾವೂ ಅಂಗೇ ಮಾಡ್ಬೋದಿತ್ತು." ಆಮೇಲೆ ದನಿ ಬದಲಾಯಿತು. "ಪುಟ್ಟಂಗೆ ಕೊಡು ಫೋನು."

ಪುಟ್ಟ ಎಂದರೆ ಅಪ್ಪ. ಒದ್ದೆ ಕೈಯಲ್ಲೇ ಬಂದು ತೆಗೆದುಕೊಂಡರು. ಹೂಂ, ಹೂಂ ಎಂದದ್ದಷ್ಟೇ ನನಗೆ ಕೇಳಿಸಿದ್ದು. ಮರುದಿನ ಹೆಸರಿನ ಕಾರ್ಡು ಪೆಟ್ಟಿಗೆಯ ನೆತ್ತಿಗೆ ಮರಳಿತ್ತು, ಮಧ್ಯೆ ಮಡಿಕೆ ಬಿದ್ದು. ಸೋಂಕು ಇಳಿಯಲು ಇನ್ನೂ ಒಂಬತ್ತು ದಿನ ಬೇಕಾಯಿತು, ಇಳಿಸಿದ್ದು ಔಷಧಿ. ಆದರೆ ಆ ಒಂಬತ್ತು ದಿನ ಅಪ್ಪ ಕೆಲಸ ಮುಗಿಸಿ ನೇರ ಆಸ್ಪತ್ರೆಗೆ ಬಂದು, ಟೈ ಬಿಚ್ಚಿ ಜೇಬಿಗೆ ತುರುಕಿ, ಬಗ್ಗಿ, ದುಂಡು ಬಾಗಿಲಿನ ಬಳಿ ಬಾಯಿಟ್ಟು "ಬೊಹ್ದಾನಾ, ಏನೋ ಸಮಾಚಾರ?" ಎನ್ನುತ್ತಿದ್ದುದನ್ನು ನಾನು ನೋಡಿದ್ದೇನೆ.

ಮುಂದೆ ಸುದ್ದಿಮನೆಗೆ ಸೇರಿದ ಮೇಲೆ, ಎರಡು ಮೂಲಗಳಿಲ್ಲದೆ ಏನನ್ನೂ ಬರೆಯಬಾರದೆಂಬ ಅಭ್ಯಾಸವಾದ ಮೇಲೆ, ಈ ಹೆಸರನ್ನು ಹುಡುಕಿದೆ. ಅರ್ಥದ ಬಗ್ಗೆ ತಾತ ಹೇಳಿದ್ದು ಸರಿ. ಅದೇ ಅರ್ಥದ ಗ್ರೀಕ್ ಹೆಸರುಗಳ ಅನುವಾದವಾಗಿ ಅದು ಹುಟ್ಟಿರಬಹುದು ಎನ್ನುತ್ತಾರೆ. ಬಹುಕಾಲ ಅಲ್ಲಿನ ಚರ್ಚಿನ ಸಂತರ ಪಟ್ಟಿಯಲ್ಲಿ ಅದಿರಲಿಲ್ಲ. ಹಾಗಾಗಿ ಬೊಹ್ದಾನ್ ಎಂದು ಕರೆಸಿಕೊಳ್ಳುವವನಿಗೂ ಪಾದ್ರಿ ನೀರು ಹಾಕುವ ಹೊತ್ತಿಗೆ ಬೇರೊಂದು ಹೆಸರಿಡುತ್ತಿದ್ದರು. ನೀರು ಬೀಳದ ಮಗುವನ್ನು ಹಾಗೆ ಕರೆಯುವ ರೂಢಿಯೂ ಇತ್ತು. 'ಪ್ರತಿ ಮನೆಯಲ್ಲೂ' ಎಂಬ ಮಾತಿಗೆ ಮಾತ್ರ ಆಧಾರ ಸಿಗಲಿಲ್ಲ. ಕೆಲವು ಕಡೆ ಎಂದರೆ ಸರಿಯಾದೀತು. ಬೊಹ್ ಮತ್ತು ನಮ್ಮ ಭಗವಂತನ 'ಭಗ' ಒಂದೇ ಬೇರಿನವು ಎನ್ನುವವರಿದ್ದಾರೆ, ಇರಾನಿನ ಕಡೆಯಿಂದ ಅಲ್ಲಿಗೆ ಹೋದ ಮಾತು ಎನ್ನುವವರೂ ಇದ್ದಾರೆ. ದಾನ್ ಮತ್ತು ದಾನ ಸಂಬಂಧಿಕರೆಂಬುದಕ್ಕೆ ತಕರಾರಿಲ್ಲ. ಅಜ್ಜಿಗೆ ಇದ್ಯಾವುದೂ ಬೇಕಾಗಿರಲಿಲ್ಲ.

ತಮ್ಮ ಮನೆಗೆ ಬಂದ ಮೂರನೆಯ ಭಾನುವಾರ ನಾಮಕರಣ. ಬ್ಲ್ಯಾಕ್‌ಟೌನ್‌ನಲ್ಲಿದ್ದ ಅಪ್ಪನ ಸ್ನೇಹಿತರ ಮನೆಯಿಂದ ಮರದ ತೊಟ್ಟಿಲು ಬಂತು. ಮೂರನೆಯ ಕೋಣೆಯ ಪೆಟ್ಟಿಗೆಗಳನ್ನು ಕೊನೆಗೂ ಬಿಚ್ಚಿದೆವು. ಒಂದರಲ್ಲಿ ಹಿತ್ತಾಳೆಯ ಪರಾತ ಸಿಕ್ಕಿತು. ಅದರಲ್ಲಿ ಅಕ್ಕಿ ಹರಡಿ ಅಪ್ಪ ಉಂಗುರದ ಅಂಚಿನಿಂದ 'ಸುಮಂತ' ಎಂದು ಬರೆದರು. ನಮ್ಮಲ್ಲಿ ಹೆಸರನ್ನು ಮಗುವಿನ ಕಿವಿಯಲ್ಲಿ ಮೂರು ಸಲ ಹೇಳುವುದು ಸೋದರತ್ತೆಯ ಹಕ್ಕು. ಗೌರತ್ತೆ ತುಮಕೂರಿನಲ್ಲಿದ್ದಳು. ಫೋನಿನ ಸ್ಪೀಕರ್ ಹಾಕಿ ತೊಟ್ಟಿಲಿನೊಳಗೆ ಹಿಡಿದೆವು. ಎರಡನೆಯ 'ಸುಮಂತ' ಆಗುತ್ತಿದ್ದಂತೆ, ಇನ್ನೊಂದೇ ನಿಮಿಷ ಉಳಿದಿದೆ ಎಂದು ಫೋನ್ ಕಾರ್ಡಿನ ಹೆಂಗಸಿನ ದನಿ ಇಂಗ್ಲಿಷಿನಲ್ಲಿ ಮಧ್ಯೆ ಬಂತು. "ಅಯ್ಯೋ, ಅವಳ್ಯಾರೇ ಇನ್ನೊಬ್ಬಳು ಅತ್ತೆ?" ಎಂದು ಆ ಕಡೆಯಿಂದ ಗೌರತ್ತೆ ಕೂಗಿದಳು. ಎಲ್ಲರೂ ನಕ್ಕರು. ನಗುವಿನಲ್ಲೇ ಮೂರನೆಯದೂ ಮುಗಿಯಿತು.

ಬೊಹ್ದಾನ್ ತಾತ ಆ ಸೆಕೆಯಲ್ಲಿ ಕೋಟು, ಟೈ ಹಾಕಿಕೊಂಡು ಬಂದಿದ್ದರು. ಒಂದು ಕೈಯಲ್ಲಿ ಬ್ರೆಡ್ಡು, ಇನ್ನೊಂದರಲ್ಲಿ ಸಬ್ಬಸಿಗೆಯ ಕಟ್ಟು. ಹೆಸರು ಏನಾಯಿತೆಂದು ಅಮ್ಮನನ್ನು ಕೇಳಿ, ಎರಡು ಸಲ ಹೇಳಿ ಕಲಿತರು. ಅವರ ಕಥೆಯನ್ನು ನಾನು ಅಮ್ಮನಿಗೆ ಹೇಳಿದ್ದೆ. ಆದರೂ ಅವಳು ಮಾಡಿದ್ದನ್ನು ಮೊದಲೇ ಯೋಚಿಸಿದ್ದಳೆಂದು ನನಗನಿಸುವುದಿಲ್ಲ. ಕೇಳಿದರೆ ಇವತ್ತಿಗೂ "ಪರಾತ ಅಲ್ಲೇ ಇತ್ತಲ್ಲ" ಎನ್ನುತ್ತಾಳೆ. ಅಂಗೈಯಿಂದ ಅಕ್ಕಿಯನ್ನು ಸವರಿ ಮಟ್ಟ ಮಾಡಿದಳು. ತಾತನನ್ನು ಚಾಪೆಯ ಪಕ್ಕದ ಕುರ್ಚಿಯಲ್ಲಿ ಕೂರಿಸಿ ಪರಾತವನ್ನು ಅವರ ಮೊಣಕಾಲಿನ ಮೇಲಿಟ್ಟಳು.

"ಬರೆಯಿರಿ," ಎಂದಳು.

"ಮಗುವಿನ ಹೆಸರಾ?"

"ನಿಮ್ಮದು."

ಅವರು ಸ್ವಲ್ಪ ಹೊತ್ತು ಅಕ್ಕಿಯನ್ನೇ ನೋಡಿದರು. ಆಮೇಲೆ ತೋರುಬೆರಳಿನಿಂದ ತಮ್ಮ ಲಿಪಿಯಲ್ಲಿ ನಿಧಾನವಾಗಿ ಬರೆದರು. ಅಮ್ಮ ಸುತ್ತ ನೋಡಿದಳು.

"ಯಾರಾದ್ರೂ ಕಿವೀಲಿ ಹೇಳ್ಬೇಕಲ್ಲ. ಶಾಲೂ, ಬಾರೇ ಇಲ್ಲಿ."

"ನಾನು ಅತ್ತೆ ಅಲ್ವಲ್ಲ."

"ಈ ಮನೇಲಿ ಮೊದಲು ಅವನನ್ನ ಹೆಸರಿಟ್ಟು ಕರೆದೋಳು ನೀನೇ ತಾನೆ? ಅಷ್ಟ್ ಸಾಕು. ಹೇಳು."

ತಾತ ಬಲಗಿವಿಯಲ್ಲಿದ್ದ ಶ್ರವಣಯಂತ್ರವನ್ನು ತೆಗೆದು ಕೋಟಿನ ಜೇಬಿಗೆ ಹಾಕಿದರು. ಅದಿಲ್ಲದೆ ಹೇಗೆ ಕೇಳಿಸೀತೆಂದು ನಾನು ಅಮ್ಮನ ಮುಖ ನೋಡಿದೆ. ಅವಳು ಹೇಳು ಎಂದು ಸನ್ನೆ ಮಾಡಿದಳು. ಕಿವಿಗೆ ತೀರ ಹತ್ತಿರ ಬಾಯಿಟ್ಟೆ. ಗಡ್ಡ ಬೋಳಿಸುವ ಸೋಪಿನ ವಾಸನೆ ಬಂತು. ಬೊಹ್ದಾನ್. ಬೊಹ್ದಾನ್. ಬೊಹ್ದಾನ್. ಅವರು ಅಲುಗದೆ ಕೂತಿದ್ದರು. ಆಮೇಲೆ, ಇಷ್ಟೇನಾ ಎಂದು ಕೇಳಿದರು. ಇಷ್ಟೇ, ಇನ್ನು ಪಾಯಸ ಎಂದಳು ಅಮ್ಮ. ಅಪ್ಪ ಅವತ್ತು ಎಪ್ಪತ್ತಕ್ಕೂ ಹೆಚ್ಚು ಫೋಟೋ ತೆಗೆದರು, ಎಲ್ಲ ತೊಟ್ಟಿಲಿನವು. ತಾತ ಅಕ್ಕಿಯಲ್ಲಿ ಬರೆದದ್ದಕ್ಕೆ ದಾಖಲೆಯಿಲ್ಲ. ಆ ಅಕ್ಕಿಯನ್ನು ಮರುದಿನ ಅಮ್ಮ ಅನ್ನಕ್ಕೆ ಹಾಕಿದಳು.

ಎರಡು ವರ್ಷದ ಮೇಲೆ ಅಪ್ಪನಿಗೆ ಮೆಲ್ಬರ್ನಿನಲ್ಲಿ ಕೆಲಸ ಸಿಕ್ಕಿ ಗ್ಲೆನ್ ವೇವರ್ಲಿಗೆ ಹೋದೆವು. ಅಲ್ಲಿಯ ಹಿತ್ತಲಿನಲ್ಲಿ ಬೊಹ್ದಾನ್ ತಾತ ಕೊಟ್ಟ ಬೀಜದ ಸಬ್ಬಸಿಗೆ ಪ್ರತಿ ವರ್ಷ ತಾನೇ ಉದುರಿ ತಾನೇ ಏಳುತ್ತಿತ್ತು. ಅವರು ತೀರಿಕೊಂಡ ಸುದ್ದಿ ಅದರ ಮೂರನೆಯ ಬೆಳೆಯ ಹೊತ್ತಿಗೆ ಬಂತು. ಆದರೆ ನನಗೆ ಮೊದಲು ನೆನಪಾಗುವುದು ನಾವು ಗಿರಾವೀನ್ ಬಿಟ್ಟ ಬೆಳಗ್ಗೆ. ಅಷ್ಟು ಹೊತ್ತಿಗೆ ನಮ್ಮ ಮನೆಯಲ್ಲಿ ಸುಮಂತ ಎಂಬ ಹೆಸರು ಕಾಗದಕ್ಕೆ ಮಾತ್ರ. ಬಾಯಲ್ಲಿ ಅವನು ಇನ್ನೂ ಬೊಹ್ದಾನನೇ ಆಗಿದ್ದ. ಸಾಮಾನಿನ ಟ್ರಕ್ಕು ಹೊರಟಿತ್ತು. ಅಮ್ಮ ಅವನನ್ನು ಎತ್ತಿಕೊಂಡು ಬೇಲಿಯ ಬಳಿ ಹೋದಳು.

"ತಾತಂಗೆ ಟಾಟಾ ಮಾಡು ಬೊಹ್ದಾನ್," ಎಂದೆ ನಾನು.

ತಾತ ಬೇಲಿಯ ಮೇಲಿಂದ ಕೈ ಚಾಚಿ ಅವನ ಪಾದ ಹಿಡಿದು ಅಲುಗಿಸಿದರು. ನನ್ನ ಕಡೆ ತಿರುಗಿ, ಲೆಕ್ಕ ತಪ್ಪು ಬರೆದ ಹುಡುಗಿಗೆ ಹೇಳುವಂತೆ, ಮೆಲ್ಲಗೆ ತಲೆಯಾಡಿಸಿದರು.

"ಅಲ್ಲ. ಇವನು ಸುಮಂತ," ಎಂದರು. "ಬೊಹ್ದಾನ್ ನಾನು."